ಪಿಟೀಲಿನ ವೈಬ್ರೇಟೊ: ಕೈ ಕೂರಿಸಿಕೊಳ್ಳುವ ಬಗೆ

ಪಿಟೀಲು ಕಲಿಯಲು ಶುರು ಮಾಡಿ ಒಂದೆರಡು ವರ್ಷವಾದ ಮೇಲೆ ಹೆಚ್ಚಿನವರಿಗೆ ಒಂದು ಅಸಮಾಧಾನ ಹುಟ್ಟುತ್ತದೆ. ಸ್ವರ ಸರಿಯಾಗಿ ಬೀಳುತ್ತಿದೆ, ಬೋ (ಕಮಾನು) ನೇರವಾಗಿ ಓಡುತ್ತಿದೆ, ಆದರೂ ರೆಕಾರ್ಡ್ ಮಾಡಿ ಕೇಳಿದರೆ ನಾದ ಬೋಳುಬೋಳು. ದೊಡ್ಡ ಕಲಾವಿದರ ಎಡಗೈ ಉದ್ದ ಸ್ವರ ಬಂದಾಗಲೆಲ್ಲ ಮೆಲ್ಲಗೆ ತೂಗುವುದನ್ನು (ಇದೇ ವೈಬ್ರೇಟೊ) ವಿಡಿಯೋದಲ್ಲಿ ನೋಡಿ ತಾವೂ ಬೆರಳನ್ನು ತಂತಿಗೆ ಒತ್ತಿ ಜೋರಾಗಿ ನಡುಗಿಸತೊಡಗುತ್ತಾರೆ. ಹೆಬ್ಬೆರಳು ಪಿಟೀಲಿನ ನೆಕ್ಕನ್ನು (ಕತ್ತನ್ನು) ಅಮುಕುತ್ತದೆ, ಭುಜ ಕಿವಿಯತ್ತ ಏರುತ್ತದೆ, ಮೇಕೆ ಅರಚಿದಂಥ ಸದ್ದು ಹೊರಡುತ್ತದೆ. ಕಲಿಯಬೇಕಾದ ಕ್ರಮ ಇದಕ್ಕೆ ಪೂರಾ ತಿರುಗಾಮುರುಗಾ. ಮೊದಲು ಕೈ ಸಡಿಲಾಗಬೇಕು, ಆಮೇಲೆ ನಿಧಾನವಾಗಿ, ಅಗಲವಾಗಿ ತೂಗಬೇಕು. ವೇಗ ಕಟ್ಟಕಡೆಯದು. ಬಿಗಿ ಕೈಯಲ್ಲಿ ವೇಗ ಮೊದಲು ಕೂತುಬಿಟ್ಟರೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಯುವುದಕ್ಕಿಂತ ಕಷ್ಟ.

ಇಲ್ಲಿ ಹೇಳಹೊರಟಿರುವುದು ಪಾಶ್ಚಾತ್ಯ ಪದ್ಧತಿಯ ಪಿಟೀಲಿನ ಬಗ್ಗೆ. ಭುಜದ ಮೇಲಿಟ್ಟು ಗಲ್ಲದಡಿ ಹಿಡಿಯುವ, ಜಿ-ಡಿ-ಎ-ಇ ತಂತಿಗಳ ವಾದ್ಯ. ಟ್ರಿನಿಟಿ, ಎಬಿಆರ್‌ಎಸ್‌ಎಂ ಎಂಬ ಬ್ರಿಟಿಷ್ ಸಂಸ್ಥೆಗಳ ಗ್ರೇಡ್ ಪರೀಕ್ಷೆಗೆ ಕೂರುವವರು, ಚರ್ಚಿನಲ್ಲೋ ಆರ್ಕೆಸ್ಟ್ರಾದಲ್ಲೋ ನುಡಿಸುವವರು, ಸಿನಿಮಾ ಹಾಡು ನುಡಿಸುವ ಆಸೆ ಇರುವವರು ಇದನ್ನು ಹಾಗೇ ಅನುಸರಿಸಬಹುದು. ಕರ್ನಾಟಕ ಸಂಗೀತ ಕಲಿತು ಇತ್ತ ಬಂದವರಿಗೆ ಕೊನೆಯಲ್ಲಿ ಬೇರೆ ಮಾತಿದೆ. ಆದರೆ ನಡುವಿನ ಅಭ್ಯಾಸಗಳನ್ನು ಅವರೂ ಬಿಡುವಂತಿಲ್ಲ.

ತಂತಿಯ ಮೇಲೆ ಏನಾಗುತ್ತದೆ

ಬೆರಳ ತುದಿ ಒತ್ತಿದ ಜಾಗ ಬಿಡದೆ ಹಿಂದಕ್ಕೂ ಮುಂದಕ್ಕೂ ಹೊರಳುತ್ತದೆ. ಜಾರುವುದಿಲ್ಲ, ಅಡ್ಡಡ್ಡ ಎಳೆಯುವುದೂ ಇಲ್ಲ. ವಾದ್ಯದ ತಲೆಯತ್ತ, ಅಂದರೆ ಬಿರಡೆಗಳ ಕಡೆಗೆ ಹೊರಳಿದಾಗ ಮಿಡಿಯುವ ತಂತಿಯ ಉದ್ದ ತುಸು ಹೆಚ್ಚಿ ಶ್ರುತಿ ಇಳಿಯುತ್ತದೆ, ವಾಪಸು ಬಂದಾಗ ಏರುತ್ತದೆ. ನುರಿತವರ ಕೈಯಲ್ಲಿ ಇದು ಸೆಕೆಂಡಿಗೆ ಸುಮಾರು 5ರಿಂದ 7 ಸಲ ನಡೆಯುತ್ತದೆ. ಏರಿಳಿತದ ಒಟ್ಟು ಅಗಲ ಸಾಮಾನ್ಯವಾಗಿ ಕಾಲು ಸ್ವರದ ಆಸುಪಾಸು. ಬದಲಾಗುವುದು ಶ್ರುತಿ ಮಾತ್ರವೇ ಅಲ್ಲ. ಶ್ರುತಿ ಆಚೀಚೆ ಸರಿದಂತೆ ಪಿಟೀಲಿನ ಮರದ ಒಡಲು ಬೇರೆಬೇರೆ ಉಪಸ್ವರಗಳನ್ನು ಎತ್ತಿ ಹಿಡಿಯುವುದರಿಂದ ನಾದದ ಗಾತ್ರ, ಬಣ್ಣ ಎರಡೂ ಮಿನುಗುತ್ತವೆ. ನಮ್ಮ ಕಿವಿಗೆ ‘ತುಂಬಿದ ನಾದ’ ಅನ್ನಿಸುವುದರಲ್ಲಿ ಇದರ ಪಾಲು ದೊಡ್ಡದು.

ಹೆಚ್ಚಿನ ಮೇಷ್ಟ್ರುಗಳು ಹೇಳಿಕೊಡುವುದು ಹೀಗೆ: ಸರಿಯಾದ ಸ್ವರದಿಂದ ಕೆಳಗಿಳಿ, ಮತ್ತೆ ಅದೇ ಸ್ವರಕ್ಕೆ ಬಾ, ಅದನ್ನು ದಾಟಿ ಮೇಲೆ ಹೋಗಬೇಡ. ಮೇಲಕ್ಕೆ ಹೊರಳಿದರೆ ಸ್ವರ ಏರಿದಂತೆ ಕೇಳಿ ಇಡೀ ತುಣುಕು ಕಿರಿಕಿರಿಯಾಗುತ್ತದೆ. ಪಳಗಿದ ಮೇಲೆ ಇಷ್ಟು ಲೆಕ್ಕ ಯಾರೂ ಇಡುವುದಿಲ್ಲ. ಕಲಿಯುವವರಿಗೆ ಮಾತ್ರ ಈ ನಿಯಮ ಒಳ್ಳೆಯದು.

ಶುರು ಮಾಡುವ ಮುನ್ನ

ಪಿಟೀಲನ್ನು ಭುಜದ ಮೇಲಿಟ್ಟು ಎಡಗೈಯನ್ನು ಪೂರ್ತಿ ಕೆಳಗೆ ಬಿಡಿ. ವಾದ್ಯ ಜಾರದೆ ನಿಂತಿತೇ? ನಿಲ್ಲಿಸಲು ಗಲ್ಲವನ್ನು ಅದುಮಬೇಕಾಯಿತೇ? ಹಾಗಾದರೆ ವೈಬ್ರೇಟೊ ಮಾತು ಸದ್ಯಕ್ಕೆ ಬಿಟ್ಟು ಶೋಲ್ಡರ್ ರೆಸ್ಟಿನ (ಭುಜದ ಆಸರೆ) ಎತ್ತರ, ಚಿನ್‌ರೆಸ್ಟಿನ (ಗಲ್ಲದ ಆಸರೆ) ಆಕಾರ ಸರಿಪಡಿಸಿಕೊಳ್ಳಿ. ವಾದ್ಯವನ್ನು ಹೊರುವ ಕೆಲಸ ಎಡಗೈಯ ಪಾಲಿಗೆ ಬಂದರೆ ಆ ಕೈ ತೂಗಲಾರದು. ಚಿನ್‌ರೆಸ್ಟ್ ಹುಟ್ಟಿದ್ದೇ 1820ರ ಹೊತ್ತಿಗೆ, ಜರ್ಮನಿಯ ಪಿಟೀಲುಗಾರ ಲೂಯಿ ಶ್ಪೋರ್ ಕೈಯಲ್ಲಿ. ಅದಕ್ಕೂ ಹಿಂದಿನವರು ಈ ಆಸರೆ ಇಲ್ಲದೆಯೇ ನುಡಿಸಿದರು ಎಂಬುದು ನಿಜ, ಆದರೆ ಅವರು ಇವತ್ತಿನಂತೆ ಉದ್ದಕ್ಕೂ ವೈಬ್ರೇಟೊ ಬಳಸುತ್ತಿರಲಿಲ್ಲ.

ಉಳಿದ ತಯಾರಿ ಇಷ್ಟೇ: ಫಿಂಗರ್‌ಬೋರ್ಡಿನ (ಬೆರಳೊತ್ತುವ ಪಟ್ಟಿ) ಮೇಲೆ ಅಂಟಿಸಿದ ಟೇಪ್ ಇಲ್ಲದೆ ಎರಡು ಆಕ್ಟೇವ್ (ಸ್ಥಾಯಿ) ಸ್ಕೇಲು (ಸ್ವರಗಳ ಏರಿಳಿತ) ಶ್ರುತಿಗೆ ಸರಿಯಾಗಿ ಬರಬೇಕು. ಮೆಟ್ರೋನೋಮ್ (ತಾಳ ಹಾಕುವ ಯಂತ್ರ) ನಿಮಿಷಕ್ಕೆ 60 ಎಣಿಕೆಗೆ ಇಟ್ಟು 8 ಎಣಿಕೆಯಷ್ಟು ಒಂದೇ ಬೋ ಅಲುಗದೆ ಎಳೆಯಲು ಬರಬೇಕು. ಮೂರನೇ ಪೊಸಿಷನ್ನಿನ (ಕೈಯನ್ನು ನೆಕ್ಕಿನ ಮೇಲೆ ಒಡಲಿನತ್ತ ಸರಿಸಿ ನುಡಿಸುವ ಜಾಗ) ಪರಿಚಯ ಇದ್ದರೆ ಅನುಕೂಲ. ಎಡಗೈ ಉಗುರು ಕತ್ತರಿಸಿರಲಿ. ಬೆರಳು ಹಿಂದಕ್ಕೆ ಹೊರಳುವಾಗ ತಂತಿಗೆ ಸಿಗಬೇಕಾದ್ದು ಬೆರಳಿನ ಮೆತ್ತನೆಯ ಭಾಗ. ಶ್ರುತಿ ಇನ್ನೂ ನಿಲ್ಲದವರು ವೈಬ್ರೇಟೊಗೆ ಕೈ ಹಾಕಿದರೆ ಅಪಸ್ವರವನ್ನು ಅಲುಗಾಟದಲ್ಲಿ ಮುಚ್ಚುವ ಚಟ ಹತ್ತುತ್ತದೆ. ಪರೀಕ್ಷಕರ ಕಿವಿಗೆ ಅದು ತಕ್ಷಣ ಗೊತ್ತಾಗುತ್ತದೆ.

ತೋಳಿನದೋ, ಮಣಿಕಟ್ಟಿನದೋ

ಮೂರು ಬಗೆ ಎನ್ನುವುದು ರೂಢಿ. ಮೊಣಕೈಯಿಂದ ಮುಂದಿನ ತೋಳು ಪೂರಾ ಹಿಂದೆಮುಂದೆ ಹೋಗುವುದು ಒಂದು. ತೋಳು ಹೆಚ್ಚುಕಡಿಮೆ ನಿಂತು ಮಣಿಕಟ್ಟಿನಿಂದ ಅಂಗೈ ತೂಗುವುದು ಇನ್ನೊಂದು. ಬೆರಳ ಗೆಣ್ಣುಗಳೇ ಬಾಗಿ ನೆಟ್ಟಗಾಗುವುದು ಮೂರನೆಯದು. ಮೂರನೆಯದನ್ನು ಪ್ರತ್ಯೇಕವಾಗಿ ಕಲಿಯಲು ಹೋಗಬೇಡಿ, ಮೊದಲೆರಡರಲ್ಲಿ ಒಂದು ಕೂತರೆ ಅದು ತಾನಾಗಿ ಸೇರಿಕೊಳ್ಳುತ್ತದೆ. ತೋಳಿನಿಂದ ಶುರು ಮಾಡಿಸುವ ಮೇಷ್ಟ್ರುಗಳೂ ಇದ್ದಾರೆ, ಮಣಿಕಟ್ಟಿನಿಂದ ಮಾಡಿಸುವವರೂ ಇದ್ದಾರೆ. ನಿಮ್ಮ ಮೇಷ್ಟ್ರು ಹೇಳಿದ್ದೇ ಸರಿ. ಯಾರೂ ಹೇಳಿಲ್ಲವಾದರೆ ಮಣಿಕಟ್ಟಿನಿಂದ, ಅದೂ ಮೂರನೇ ಪೊಸಿಷನ್ನಿನಲ್ಲಿ ಶುರು ಮಾಡಿ ಎಂಬುದು ನನ್ನ ಸಲಹೆ. ಅಲ್ಲಿ ಅಂಗೈಯ ಬುಡ ಪಿಟೀಲಿನ ಒಡಲಿಗೆ ತಾಗುತ್ತದೆ. ಆ ಆಸರೆ ಇದ್ದಾಗ ತೋಳು ತಾನೇ ತಾನಾಗಿ ಸುಮ್ಮನಿದ್ದು ಅಂಗೈ ಮಾತ್ರ ತೂಗಲು ಕಲಿಯುತ್ತದೆ. ವಾರಗಟ್ಟಲೆ ಪ್ರಯತ್ನಿಸಿದರೂ ಮಣಿಕಟ್ಟು ಬಿಗಿಯೇ ಆಗುತ್ತಿದ್ದರೆ ತೋಳಿನ ಬಗೆಗೆ ಬದಲಾಯಿಸಿ ನೋಡಿ. ಕೈಗಳ ಉದ್ದ, ಗೆಣ್ಣಿನ ಸಡಿಲ ಎಲ್ಲರಲ್ಲೂ ಒಂದೇ ಇರುವುದಿಲ್ಲ.

ಒಂದನೇ ಹೆಜ್ಜೆ: ವಾದ್ಯ ಕೆಳಗಿಡಿ

ಸಣ್ಣ ಮುಚ್ಚಳದ ಡಬ್ಬಿಯಲ್ಲಿ ಒಂದು ಚಮಚ ರಾಗಿ ಹಾಕಿ. ಪಿಟೀಲು ಹಿಡಿದಂತೆ ಎಡಗೈ ಎತ್ತಿ, ಡಬ್ಬಿಯನ್ನು ಹೆಬ್ಬೆರಳು ಮತ್ತು ನಡುಬೆರಳ ನಡುವೆ ಹಗುರಾಗಿ ಹಿಡಿದು, ನಿಮ್ಮ ಮುಖದ ಕಡೆಗೇ ಟಾಟಾ ಮಾಡುವ ಹಾಗೆ ಮಣಿಕಟ್ಟಿನಿಂದ ಆಡಿಸಿ. ಸದ್ದು ಸಮಸಮವಾಗಿ ಬರಬೇಕು. ಜೋರಾಗಿ ಹಿಡಿದರೆ ಸದ್ದು ಒಡೆಯುತ್ತದೆ, ಹಾಗಾಗಿ ಬಿಗಿ ಎಲ್ಲಿದೆ ಎಂದು ಕಿವಿಯೇ ಹೇಳುತ್ತದೆ. ಮಕ್ಕಳಿಗೆ ಇದು ಆಟ. ದೊಡ್ಡವರು ನಾಚಿಕೆಪಟ್ಟು ಬಿಟ್ಟುಬಿಡುತ್ತಾರೆ, ಬಿಡಬೇಡಿ.

ಇನ್ನೊಂದು ಅಭ್ಯಾಸ ಬೆರಳ ತುದಿಯ ಗೆಣ್ಣಿಗೆ. ಎಡಗೈ ನಡುಬೆರಳನ್ನು ಬಾಗಿಸಿ ಮೇಜಿನ ಅಂಚಿಗೆ ತುದಿ ಊರಿ. ಅಂಗೈಯನ್ನು ಮೆಲ್ಲಗೆ ಹಿಂದಕ್ಕೆ ಒಯ್ದರೆ ತುದಿಯ ಗೆಣ್ಣು ಚಪ್ಪಟೆಯಾಗಬೇಕು, ಮುಂದಕ್ಕೆ ತಂದರೆ ಮತ್ತೆ ದುಂಡಗಾಗಬೇಕು. ಬಹಳ ಜನರಿಗೆ ಈ ಗೆಣ್ಣು ಕಲ್ಲಾಗಿರುತ್ತದೆ. ಕೈಯೆಲ್ಲ ಆಡಿದರೂ ಸ್ವರ ಅಲುಗದಿರುವುದಕ್ಕೆ ಇದೇ ಕಾರಣ. ಬಸ್ಸಿನಲ್ಲಿ, ಟಿವಿ ಮುಂದೆ, ಎಲ್ಲಿ ಬೇಕಾದರೂ ಮಾಡಬಹುದಾದ ಅಭ್ಯಾಸ ಇದು.

ಎರಡನೇ ಹೆಜ್ಜೆ: ಬೋ ಇಲ್ಲದೆ ತಂತಿ ಒರೆಸುವುದು

ಪಿಟೀಲನ್ನು ಗಿಟಾರಿನಂತೆ ಎದೆಗೆ ಅಡ್ಡ ಹಿಡಿಯಿರಿ. ಈ ಭಂಗಿಯಲ್ಲಿ ಗಲ್ಲ, ಭುಜದ ಚಿಂತೆ ಇಲ್ಲ, ಕೈ ಕಣ್ಣಿಗೂ ಕಾಣುತ್ತದೆ. ನಡುಬೆರಳನ್ನು ಎ ತಂತಿಯ ಮೇಲೆ ಒತ್ತದೆ, ಮುಟ್ಟಿದಷ್ಟೇ ಇಟ್ಟು ಮೊದಲ ಪೊಸಿಷನ್ನಿನಿಂದ ಮೂರನೆಯದಕ್ಕೆ, ಮತ್ತೆ ಹಿಂದಕ್ಕೆ ತಂತಿ ಒರೆಸಿದ ಹಾಗೆ ಜಾರಿಸಿ. ಹೆಬ್ಬೆರಳೂ ಜೊತೆಗೆ ಹೋಗಲಿ. ಇದು ಸರಾಗವಾದ ಮೇಲೆ ಜಾರುವ ದೂರ ಕಡಿಮೆ ಮಾಡುತ್ತ ಬನ್ನಿ. ಮೊದಲು ನಾಲ್ಕು ಬೆರಳಗಲ, ಆಮೇಲೆ ಎರಡು, ಆಮೇಲೆ ಒಂದು. ಕೊನೆಗೆ ಕೈಯ ಓಡಾಟ ನಿಲ್ಲಿಸದೆ ಬೆರಳಿಗೆ ಮಾತ್ರ ತೂಕ ಕೊಡಿ. ಬೆರಳು ತಂತಿಗೆ ಕಚ್ಚಿಕೊಂಡು ನಿಲ್ಲುತ್ತದೆ, ಕೈ ತೂಗುತ್ತಲೇ ಇರುತ್ತದೆ. ಆ ಕ್ಷಣದಲ್ಲಿ ನಿಮ್ಮ ಕೈ ಮಾಡುತ್ತಿರುವುದೇ ವೈಬ್ರೇಟೊ. ತೂಗಾಟ ಮೊದಲು, ಒತ್ತು ಆಮೇಲೆ ಎಂಬ ಈ ಅನುಕ್ರಮ ಕೈಗೆ ಅರ್ಥವಾಗುವವರೆಗೆ ಮುಂದೆ ಹೋಗಬೇಡಿ. ಕೆಲವರಿಗೆ ಎರಡು ದಿನ ಸಾಕು, ಕೆಲವರಿಗೆ ಮೂರು ವಾರ ಬೇಕು.

ಇದೇ ಅಭ್ಯಾಸವನ್ನು ಈಗ ಪಿಟೀಲು ಭುಜಕ್ಕೆ ತಂದು ಮಾಡಿ. ವಾದ್ಯ ಅಲುಗಾಡುತ್ತಿದ್ದರೆ ಗೋಡೆಗೆ ಮಡಿಚಿದ ಟವೆಲ್ ಇಟ್ಟು ಅದಕ್ಕೆ ಪಿಟೀಲಿನ ಸುರುಳಿಯನ್ನು (ತಲೆಯ ತುದಿ) ಆನಿಸಿ. ಗೋಡೆ ಹಿಡಿದುಕೊಂಡಿದ್ದರಿಂದ ಹೆಬ್ಬೆರಳು ತನ್ನ ಹಿಡಿತ ಬಿಡುತ್ತದೆ. ಇಷ್ಟು ಸರಳವಾದ ಉಪಾಯಕ್ಕೆ ಇಷ್ಟು ಫಲ ಸಿಗುವುದು ಪಿಟೀಲು ಕಲಿಕೆಯಲ್ಲಿ ಅಪರೂಪ.

ಮೂರನೇ ಹೆಜ್ಜೆ: ಬೋ, ಮೆಟ್ರೋನೋಮ್, ನಿಧಾನ

ಡಿ ತಂತಿಯ ಮೇಲೆ ಮೂರನೇ ಪೊಸಿಷನ್ನಿನಲ್ಲಿ ನಡುಬೆರಳಿಡಿ. ಸಿಗುವುದು ಎ ಸ್ವರ. ಶ್ರುತಿ ಸರಿಯಿದ್ದರೆ ಪಕ್ಕದ ಖಾಲಿ (ಬೆರಳಿಡದ) ಎ ತಂತಿಯೂ ಜೊತೆಗೆ ಮಿಡಿಯುತ್ತದೆ, ಹಾಗಾಗಿ ಪ್ರತಿ ಸಲ ಎಲ್ಲಿಗೆ ವಾಪಸು ಬರಬೇಕು ಎಂದು ಟ್ಯೂನರ್ ಇಲ್ಲದೆಯೂ ತಿಳಿಯುತ್ತದೆ. ಉಳಿದ ಬೆರಳುಗಳನ್ನು ತಂತಿಯಿಂದ ಎತ್ತಿಬಿಡಿ; ಅವು ಕೂತಿದ್ದರೆ ಕೈಯನ್ನು ಕಟ್ಟಿಹಾಕುತ್ತವೆ. ಅಂಗೈ ಬುಡ ಒಡಲಿಗೆ ತಾಗಿರಲಿ.

ಮೆಟ್ರೋನೋಮ್ 60. ಒಂದು ಬೋಗೆ 4 ಎಣಿಕೆ. ಮೊದಲು ಎಣಿಕೆಗೆ ಒಂದು ಸಲ ಕೆಳಗೆ ಹೋಗಿ ಬನ್ನಿ. ನಿಧಾನ, ಅಗಲ, ಕೇಳಲು ಅಸಹ್ಯ. ಇರಲಿ. ಪೊಲೀಸ್ ಸೈರನ್ ತರಹ ಕೇಳಿಸಿದರೆ ಸರಿಯಾಗಿ ಮಾಡುತ್ತಿದ್ದೀರಿ ಎಂದರ್ಥ, ಮನೆಯವರಿಗೆ ಮೊದಲೇ ಹೇಳಿಡಿ. ಅದು ಸಮವಾಗಿ ಬಂದ ಮೇಲೆ ಎಣಿಕೆಗೆ 2, ಆಮೇಲೆ 3, ಆಮೇಲೆ 4. ಒಂದೊಂದಕ್ಕೂ ಕೆಲವು ದಿನ ಕೊಡಿ. 60ರಲ್ಲಿ ಎಣಿಕೆಗೆ 4 ಎಂದರೆ ಸೆಕೆಂಡಿಗೆ 4 ತೂಗು. ಅಲ್ಲಿಂದ ಮೆಟ್ರೋನೋಮನ್ನೇ ಏರಿಸುತ್ತ ಹೋಗಿ: 66, 72, 80. ಎಂಬತ್ತರಲ್ಲಿ ಎಣಿಕೆಗೆ 4 ಬಂದರೆ ಸೆಕೆಂಡಿಗೆ 5ಕ್ಕೂ ಮೇಲೆ, ಅದಾಗಲೇ ನಿಜವಾದ ವೈಬ್ರೇಟೊ ವೇಗ. 90ರಲ್ಲಿ ಸರಿಯಾಗಿ 6. ವೇಗ ಏರಿದಂತೆ ಅಗಲ ತಾನಾಗಿ ಕಿರಿದಾಗುತ್ತದೆ, ನೀವು ಪ್ರಯತ್ನಪಟ್ಟು ಕಿರಿದು ಮಾಡಬೇಕಿಲ್ಲ.

ಯಾವುದೋ ಒಂದು ವೇಗದಲ್ಲಿ ಕೈ ಸಿಕ್ಕಿಹಾಕಿಕೊಳ್ಳುತ್ತದೆ. ಬಹುಮಟ್ಟಿಗೆ ಅದು ಎಣಿಕೆಗೆ 3ರಿಂದ 4ಕ್ಕೆ ದಾಟುವಲ್ಲಿ. ಅಲ್ಲಿ ಹಟ ಮಾಡಿ ಒತ್ತಬೇಡಿ. ಅದರ ಬದಲು ಕುಂಟು ಲಯದಲ್ಲಿ ಅಭ್ಯಾಸ ಮಾಡಿ: ಒಂದು ಉದ್ದ, ಒಂದು ಗಿಡ್ಡ, ಗಿಡ್ಡದ್ದು ಚಿಟಿಕೆ ಹೊಡೆದಷ್ಟು ಚುರುಕು, ಉದ್ದದ್ದರಲ್ಲಿ ಕೈಗೆ ಪೂರ್ತಿ ವಿಶ್ರಾಂತಿ. ನಡುನಡುವೆ ಹೆಬ್ಬೆರಳಿನಿಂದ ನೆಕ್ಕನ್ನು ಮೆಲ್ಲಗೆ ತಟ್ಟಿ ನೋಡಿ. ತಟ್ಟಲು ಆಗದಷ್ಟು ಅದು ಅಂಟಿಕೊಂಡಿದ್ದರೆ ಒಂದು ಮೆಟ್ಟಿಲು ಕೆಳಗಿಳಿಯಿರಿ.

ದಿನಕ್ಕೆ ಹತ್ತು ನಿಮಿಷ ಸಾಕು, ಅದೂ ಐದೈದರಂತೆ ಎರಡು ಸಲ. ಭಾನುವಾರ ಕೂತು ಒಂದೂವರೆ ಗಂಟೆ ಉಜ್ಜುವುದರಿಂದ ಸ್ನಾಯು ನೋವು ಬಿಟ್ಟು ಬೇರೇನೂ ಬರುವುದಿಲ್ಲ. ಹೆಬ್ಬೆರಳ ಬುಡದಲ್ಲೋ ಮಣಿಕಟ್ಟಿನಲ್ಲೋ ಮೊಣಕೈಯಲ್ಲೋ ನೋವು ಬಂದರೆ ಅವತ್ತಿಗೆ ನಿಲ್ಲಿಸಿ. ಮರುದಿನವೂ ಇದ್ದರೆ ಮೇಷ್ಟ್ರಿಗೆ ತೋರಿಸಿ, ಹೋಗದಿದ್ದರೆ ವೈದ್ಯರಿಗೆ.

ನಾಲ್ಕನೇ ಹೆಜ್ಜೆ: ಉಳಿದ ಬೆರಳುಗಳು, ಮೊದಲ ಪೊಸಿಷನ್

ನಡುಬೆರಳಾದ ಮೇಲೆ ಉಂಗುರಬೆರಳು. ಅದು ಸಾಮಾನ್ಯವಾಗಿ ಬೇಗ ಬರುತ್ತದೆ. ಮೂರನೆಯದಾಗಿ ತೋರುಬೆರಳು. ಇಲ್ಲಿ ಒಂದು ತೊಡಕು: ತೋರುಬೆರಳ ಬುಡ ನೆಕ್ಕಿಗೆ ಒರಗಿರುತ್ತದೆ. ಅದು ಒರಗಿದ್ದಷ್ಟು ಹೊತ್ತೂ ಕೈ ಎರಡು ಕಡೆ ಹಿಡಿದ ಹಾಗೆ. ಕಾಗದ ತೂರುವಷ್ಟಾದರೂ ಸಂದು ಬಿಡಿ. ಕೊನೆಗೆ ಕಿರುಬೆರಳು. ಅದಕ್ಕೆ ಉದ್ದವೂ ಕಡಿಮೆ, ಶಕ್ತಿಯೂ ಕಡಿಮೆ. ಮೊಣಕೈಯನ್ನು ಇನ್ನಷ್ಟು ಒಳಕ್ಕೆ, ಬಲಗಡೆಗೆ ತಂದರೆ ಕಿರುಬೆರಳು ಬಾಗಿ ನಿಲ್ಲಲು ಜಾಗ ಸಿಗುತ್ತದೆ. ಚಾಚಿ ನೆಟ್ಟಗಾದ ಕಿರುಬೆರಳಲ್ಲಿ ವೈಬ್ರೇಟೊ ಬರುವುದು ಕಷ್ಟ. ಚಿಕ್ಕ ಕೈಯವರು ಉದ್ದ ಸ್ವರ ಕಿರುಬೆರಳಿಗೆ ಬೀಳದಂತೆ ಬೆರಳುಗಾರಿಕೆ ಬದಲಿಸಿಕೊಂಡರೂ ತಪ್ಪಿಲ್ಲ, ದೊಡ್ಡದೊಡ್ಡವರೂ ಅದನ್ನೇ ಮಾಡುತ್ತಾರೆ.

ಮೂರನೇ ಪೊಸಿಷನ್ನಿನಲ್ಲಿ ನಾಲ್ಕೂ ಬೆರಳು ತೂಗಿದ ಮೇಲೆ ಅಂಗೈಯನ್ನು ಒಡಲಿನಿಂದ ಕೂದಲೆಳೆಯಷ್ಟು ಬಿಡಿಸಿ, ಅಲ್ಲೇ ನುಡಿಸಿ. ಆಮೇಲೆ ಎರಡನೇ ಪೊಸಿಷನ್, ಆಮೇಲೆ ಮೊದಲನೆಯದು. ಮೊದಲ ಪೊಸಿಷನ್ನಿಗೆ ಬಂದ ಕೂಡಲೇ ಎಲ್ಲ ಮರೆತುಹೋದಂತೆ ಅನ್ನಿಸುತ್ತದೆ. ಆಸರೆ ತಪ್ಪಿರುವುದರಿಂದ ಹಾಗಾಗುತ್ತದೆ. ಗೋಡೆಯ ಉಪಾಯಕ್ಕೆ ಮರಳಿ, ನಾಲ್ಕೈದು ದಿನದಲ್ಲಿ ಕೈ ದಾರಿಗೆ ಬರುತ್ತದೆ.

ಕಡೆಯ ಕೆಲಸ, ಸ್ವರದಿಂದ ಸ್ವರಕ್ಕೆ ಹೋಗುವಾಗ ತೂಗಾಟ ಕಡಿಯದಂತೆ ನೋಡಿಕೊಳ್ಳುವುದು. ಎರಡೇ ಬೆರಳು, ಎರಡೇ ಸ್ವರ. ಕೈ ತೂಗುತ್ತಿರುವಾಗಲೇ ಮುಂದಿನ ಬೆರಳು ಬಂದು ಕೂರಲಿ. ನಿಂತು, ಬೆರಳಿಟ್ಟು, ಮತ್ತೆ ಶುರು ಮಾಡಿದರೆ ಪ್ರತಿ ಸ್ವರವೂ ತಡವಾಗಿ ಎಚ್ಚರವಾದ ಹಾಗೆ ಕೇಳುತ್ತದೆ. ಇದು ಕೂತಮೇಲೆ ನಿಧಾನಗತಿಯ ಸ್ಕೇಲು, ಆಮೇಲೆ ನಿಮಗೆ ಬಾಯಿಪಾಠವಿರುವ ಯಾವುದಾದರೂ ನಿಧಾನದ ಹಾಡು.

ಬಲಗೈ ಬಗ್ಗೆ ಒಂದು ಎಚ್ಚರಿಕೆ

ಎಡಗೈ ತೂಗಲು ಶುರುವಾದ ಕೂಡಲೇ ಬಲಗೈಯೂ ಅದನ್ನು ನಕಲು ಮಾಡುತ್ತದೆ. ಬೋ ತಂತಿಯ ಮೇಲೆ ನಡುಗುತ್ತದೆ, ಇಲ್ಲವೇ ಗಮನವೆಲ್ಲ ಎಡಕ್ಕೆ ಹೋಗಿ ಬೋಗೆ ತೂಕವೇ ಇಲ್ಲದೆ ನಾದ ತೆಳ್ಳಗಾಗುತ್ತದೆ. ಒಂದು ಬೋ ಖಾಲಿ ತಂತಿ, ಒಂದು ಬೋ ಅಲುಗದ ಸ್ವರ, ಒಂದು ಬೋ ವೈಬ್ರೇಟೊ, ಹೀಗೆ ಸರದಿಯಲ್ಲಿ ನುಡಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಮೂರರಲ್ಲೂ ಬೋ ಒಂದೇ ರೀತಿ ಕೇಳಬೇಕು. ಕನ್ನಡಿ ಮುಂದೆ ನಿಂತು ಪಿಟೀಲಿನ ಸುರುಳಿಯನ್ನೂ ಗಮನಿಸಿ. ಅದು ಜಾಸ್ತಿ ಕುಣಿಯುತ್ತಿದ್ದರೆ ಹೆಬ್ಬೆರಳು ಬಿಟ್ಟಿಲ್ಲ.

ಎಲ್ಲಿ ಬಳಸುವುದು, ಎಲ್ಲಿ ಬಿಡುವುದು

ಈ ಜಗಳ ಹಳೆಯದು. 1751ರಲ್ಲಿ ಲಂಡನ್ನಿನಲ್ಲಿ ಇಟಲಿಯ ಪಿಟೀಲುಗಾರ ಜೆಮಿನಿಯಾನಿ ತನ್ನ ಪಿಟೀಲು ಕೈಪಿಡಿಯಲ್ಲಿ ಇದನ್ನು ಆದಷ್ಟು ಹೆಚ್ಚು ಬಳಸಿ ಎಂದು ಬರೆದ. ಐದೇ ವರ್ಷಕ್ಕೆ, 1756ರಲ್ಲಿ, ಲಿಯೋಪೋಲ್ಡ್ ಮೊಜಾರ್ಟ್ (ಹೆಸರಾಂತ ಮೊಜಾರ್ಟನ ಅಪ್ಪ) ಪ್ರತಿ ಸ್ವರಕ್ಕೂ ನಡುಗುವವರನ್ನು ಸದಾ ಜ್ವರ ಬಂದವರೆಂದು ಗೇಲಿ ಮಾಡಿದ. ಹೆಸರಾಂತ ಪಿಟೀಲುಗಾರ ಜೋಸೆಫ್ ಯೋವಾಕಿಮ್ 1903ರಲ್ಲಿ ಮಾಡಿದ ಧ್ವನಿಮುದ್ರಿಕೆಗಳು ಈಗಲೂ ಕೇಳಸಿಗುತ್ತವೆ. ಅಲ್ಲಿ ವೈಬ್ರೇಟೊ ಉಪ್ಪಿನಕಾಯಿಯಷ್ಟು. ಮುಂದಿನ ಪೀಳಿಗೆಯ ಪಿಟೀಲುಗಾರ ಫ್ರಿಟ್ಜ್ ಕ್ರೈಸ್ಲರ್ ಕಾಲಕ್ಕೆ ಅದು ಬಿಡುವಿಲ್ಲದೆ ಉದ್ದಕ್ಕೂ ಹರಿಯತೊಡಗಿತು, ಇವತ್ತಿನ ರೂಢಿ ಬಂದದ್ದು ಹೆಚ್ಚಾಗಿ ಅವನಿಂದ. ಇಬ್ಬರನ್ನೂ ಒಂದೇ ಸಂಜೆ ಕೇಳಿ. ನಿಮ್ಮ ಕಿವಿಗೆ ಎಷ್ಟು ಬೇಕೆನ್ನುವ ಲೆಕ್ಕ ಅಲ್ಲಿಂದ ಸಿಗುತ್ತದೆ.

ಕೆಲಸಕ್ಕೆ ಬರುವ ಸೂತ್ರಗಳು: ಜಿ ತಂತಿಯಲ್ಲಿ ನಿಧಾನ, ಅಗಲ, ಇ ತಂತಿಯಲ್ಲಿ ಕಿರಿದು, ಚುರುಕು. ಮೆಲುದನಿಯ ಜಾಗದಲ್ಲಿ ಅಗಲ ಕಡಿಮೆ. ಬಾಖ್‌ಗೆ ಕಡಿಮೆ, ಬ್ರಾಮ್ಸ್, ಚೈಕೋವ್‌ಸ್ಕಿಗೆ ಧಾರಾಳ. ಓಟದ ಸ್ವರಗಳಿಗೆ ಬೇಡವೇ ಬೇಡ. ಖಾಲಿ ತಂತಿಯ ಸ್ವರಕ್ಕೆ ತೂಗು ಬೇಕೆನಿಸಿದರೆ ಒಂದು ಕಿಲಾಡಿತನವಿದೆ: ಜಿ ತಂತಿಯನ್ನು ಖಾಲಿ ನುಡಿಸುತ್ತ, ಪಕ್ಕದ ಡಿ ತಂತಿಯ ಮೇಲೆ ಉಂಗುರಬೆರಳಿನ ಜಿ ಸ್ವರವನ್ನು ಬೋ ತಾಗಿಸದೆ ಸುಮ್ಮನೆ ತೂಗಿಸಿ. ಒಂದು ಆಕ್ಟೇವ್ ಮೇಲಿನ ಆ ತಂತಿ ಅನುರಣಿಸಿ ಖಾಲಿ ಸ್ವರಕ್ಕೂ ಜೀವ ಬಂದಂತಾಗುತ್ತದೆ.

ಕರ್ನಾಟಕ ಸಂಗೀತದಿಂದ ಬಂದವರಿಗೆ

ನಿಮ್ಮ ಎಡಗೈ ಈಗಾಗಲೇ ಬಹಳ ಕಲಿತಿದೆ, ತೊಂದರೆಯೂ ಅದೇ. ನೆಲದ ಮೇಲೆ ಕೂತು, ಸುರುಳಿಯನ್ನು ಬಲಗಾಲ ಪಾದದ ಬಳಿ ಊರಿ ನುಡಿಸುವಾಗ ವಾದ್ಯ ಎರಡು ಕಡೆ ಭದ್ರ, ಕೈ ತಂತಿಯುದ್ದಕ್ಕೂ ಜಾರಲು ಸ್ವತಂತ್ರ. ಗಮಕ ಹುಟ್ಟುವುದು ಆ ಜಾರಿನಿಂದ. ಕಂಪಿತ ನುಡಿಸುವ ಕೈಗೆ ಸ್ವರದಿಂದ ಪಕ್ಕದ ಸ್ವರದ ಕಡೆಗೆ ಹೋಗಿ ಬರುವುದು ರೂಢಿ, ಅದರ ವೇಗ, ಅಗಲವನ್ನು ರಾಗ ನಿರ್ಧರಿಸುತ್ತದೆ. ತೋಡಿಯ ಗಾಂಧಾರ ತೂಗುವ ರೀತಿಯಲ್ಲಿ ಶಂಕರಾಭರಣದ ಗಾಂಧಾರ ತೂಗುವುದಿಲ್ಲ. ವೈಬ್ರೇಟೊಗೆ ರಾಗದ ಹಂಗಿಲ್ಲ, ಯಾವ ಸ್ವರ ಎಂಬ ಭೇದವಿಲ್ಲ, ಮತ್ತು ಬೆರಳು ಜಾಗ ಬಿಡುವಂತಿಲ್ಲ. ಹಾಗಾಗಿ ಎರಡನೇ ಹೆಜ್ಜೆಯ ಒರೆಸುವ ಅಭ್ಯಾಸ ನಿಮಗೆ ಒಂದೇ ದಿನದಲ್ಲಿ ಬರುತ್ತದೆ, ಬೆರಳನ್ನು ನಿಲ್ಲಿಸುವುದು ಮಾತ್ರ ತಡವಾಗುತ್ತದೆ. ಅಲ್ಲೇ ಹೆಚ್ಚು ಹೊತ್ತು ಕಳೆಯಿರಿ. ಜಾರಲು ಬೆರಳಿಗೆ ಕೊಬ್ಬರಿ ಎಣ್ಣೆ ಸವರುವ ಅಭ್ಯಾಸವಿದ್ದರೆ ವೈಬ್ರೇಟೊ ಅಭ್ಯಾಸಕ್ಕೆ ಮುನ್ನ ಚೆನ್ನಾಗಿ ಒರೆಸಿಕೊಳ್ಳಿ.

ಸಾಮಗ್ರಿಗೆ ದೂರ ಹುಡುಕಬೇಕಿಲ್ಲ. ಪಿಟೀಲನ್ನು ದಕ್ಷಿಣದ ಸಂಗೀತಕ್ಕೆ ತಂದ ಬಾಲುಸ್ವಾಮಿ ದೀಕ್ಷಿತರ ಅಣ್ಣ ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಾಹಿತ್ಯ ಕೂರಿಸಿದ ನೊಟ್ಟುಸ್ವರಗಳಿವೆ. ಶಂಕರಾಭರಣದ ನೇರ ಸ್ವರಗಳು, ಗಮಕವಿಲ್ಲ, ಹೆಚ್ಚಿನವರಿಗೆ ಪಾಠವೂ ಆಗಿರುತ್ತದೆ. ನಿಧಾನಕ್ಕೆ ನುಡಿಸಿ, ಉದ್ದ ಸ್ವರಗಳಿಗೆ ವೈಬ್ರೇಟೊ ಹಾಕಿ ನೋಡಿ.

ಇನ್ನು ತಿರುಗಿ ಕಚೇರಿಗೆ ಕೂರುವಾಗ ಈ ಕೈಯನ್ನು ಮನೆಯಲ್ಲೇ ಬಿಟ್ಟು ಬರಬೇಕು. ಷಡ್ಜ, ಪಂಚಮ ಅಲುಗದೆ ನಿಲ್ಲಬೇಕಾದ ಸ್ವರಗಳು. ಅಲ್ಲಿ ವೈಬ್ರೇಟೊ ನುಸುಳಿದರೆ ತಂಬೂರಿಯ ಪಕ್ಕದಲ್ಲಿ ಅದು ಬೇರೆಯಾಗಿಯೇ ಕೇಳುತ್ತದೆ, ಹಾಡುವವರು ತಿರುಗಿ ನೋಡುತ್ತಾರೆ. ಎರಡೂ ಪದ್ಧತಿಯನ್ನು ಒಟ್ಟಿಗೆ ನಡೆಸುವವರು ಅಭ್ಯಾಸದ ಹೊತ್ತನ್ನು ಬೇರೆ ಮಾಡಿಕೊಳ್ಳಿ, ಬೆಳಿಗ್ಗೆ ಒಂದು, ಸಂಜೆ ಒಂದು. ಅನುಕೂಲವಿದ್ದರೆ ಎರಡು ವಾದ್ಯ ಇಟ್ಟುಕೊಳ್ಳಿ. ಸ-ಪ-ಸ-ಪ ಶ್ರುತಿಯಿಂದ ಜಿ-ಡಿ-ಎ-ಇಗೆ ದಿನಾ ಬಿರಡೆ ತಿರುಗಿಸುತ್ತಿದ್ದರೆ ತಂತಿಗಳು ಬೇಗ ಸೋಲುತ್ತವೆ, ಶ್ರುತಿಯೂ ನಿಲ್ಲುವುದಿಲ್ಲ.